ಒತ್ತು, ಎತ್ತು, ನೋಡು: ಪುಟ್ಟ ಮಕ್ಕಳ ಅಚ್ಚಿನ ಆಟ

ಕೇಳುಗರೇ, ಈ ಮಾತು ಕೇಳುತ್ತಿರುವಾಗಲೇ ನಿಮ್ಮ ಬಲಗೈ ಮುಷ್ಟಿ ಕಟ್ಟಿ. ಕಿರುಬೆರಳಿನ ಪಕ್ಕವನ್ನು ಕೆಳಗೆ ಮಾಡಿ ಮೇಜಿನ ಮೇಲೋ ತೊಡೆಯ ಮೇಲೋ ಮೆಲ್ಲಗೆ ಊರಿ. ಕೈಗೆ ಅಕ್ಕಿ ಹಿಟ್ಟಿನ ನೀರು ಸವರಿಕೊಂಡಿದ್ದೀರಿ ಎಂದುಕೊಳ್ಳಿ. ಕೈ ಎತ್ತಿದಾಗ ಅಲ್ಲೊಂದು ಗುರುತು ಬಿದ್ದಿರುತ್ತದೆ. ಕೆಳಗೆ ದುಂಡನೆಯ ಹಿಮ್ಮಡಿ. ನಡುವೆ ಒಳಕ್ಕೆ ಬಾಗಿದ ಅಂಗಾಲು. ಮೇಲುಗಡೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟರೆ ಕಾಲ್ಬೆರಳುಗಳೂ ಬಂದವು. ಕೃಷ್ಣ ಜನ್ಮಾಷ್ಟಮಿಯ ದಿನ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಸಾಲಾಗಿ ಬರುವ ಪುಟ್ಟ ಪಾದಗಳು ಹುಟ್ಟುವುದು ಹೀಗೆ.

ಮೂರು ವರ್ಷದ ಮಗುವಿಗೆ ಪಾದದ ಚಿತ್ರ ಬರೆಯಲು ಹೇಳಿದರೆ ಅದು ಬರೆಯಲಾರದು. ಪೆನ್ಸಿಲು ಇನ್ನೂ ಅದರ ಮಾತು ಕೇಳುವುದಿಲ್ಲ. ಆದರೆ ಅದೇ ಮಗು ಮುಷ್ಟಿ ಅದ್ದಿ ಒತ್ತಬಲ್ಲದು. ಒತ್ತಿದ್ದು ಪಾದವೇ ಆಗುತ್ತದೆ. ಅಲ್ಲಿಗೆ ಮಗು ನಿಲ್ಲುವುದೂ ಇಲ್ಲ. ಬಲಮುಷ್ಟಿಯಿಂದ ಒಂದು ಪಾದ, ಎಡಮುಷ್ಟಿಯಿಂದ ಇನ್ನೊಂದು. ಎಷ್ಟು ದೂರಕ್ಕೆ ಇಡಬೇಕು? ಯಾವ ಕಡೆ ತಿರುಗಬೇಕು? ಇದನ್ನೆಲ್ಲ ಅದು ತಾನೇ ತೀರ್ಮಾನಿಸುತ್ತದೆ.

ಇವತ್ತಿನ ಮಾತು ಈ ಅಚ್ಚಿನ ಆಟದ ಬಗ್ಗೆ. ಮೂರರಿಂದ ಎಂಟು ವರ್ಷದ ಮಕ್ಕಳಲ್ಲಿ ಚಿತ್ರಕಲೆಯ ಶಕ್ತಿ ಬೆಳೆಸಲು ಅಚ್ಚು ಒತ್ತುವುದಕ್ಕಿಂತ ಸರಳವಾದ ದಾರಿ ಸಿಗುವುದು ಕಷ್ಟ. ಇದರಲ್ಲಿ ಮೂರು ಕೆಲಸ ಒಂದರ ಹಿಂದೊಂದು ನಡೆಯುತ್ತವೆ. ಒತ್ತುವುದು, ಎತ್ತುವುದು, ನೋಡುವುದು. ಮೂರರಲ್ಲೂ ದೊಡ್ಡದು ಕೊನೆಯದು. ಬಣ್ಣ ಹಚ್ಚಿದ ವಸ್ತು ಕಾಗದದ ಮೇಲೆ ಕೂತಿರುವಷ್ಟು ಹೊತ್ತು ಅಡಿಯಲ್ಲಿ ಏನಾಗುತ್ತಿದೆ ಎಂದು ಮಗುವಿಗೆ ಕಾಣುವುದಿಲ್ಲ. ಅದು ಊಹಿಸುತ್ತದೆ. ಎತ್ತಿದಾಗ ಊಹೆ ಸರಿಯೋ ತಪ್ಪೋ ತಿಳಿಯುತ್ತದೆ. ಮತ್ತೆ ಒತ್ತುತ್ತದೆ. ಒಂದು ಬೆಳಗಿನಲ್ಲಿ ಹೀಗೆ ಎಷ್ಟು ಸಲ ಬೇಕಾದರೂ ಊಹಿಸಿ ನೋಡಬಹುದು. ಅಷ್ಟು ಗಮನ ಕೊಟ್ಟು ನೋಡುವ ಅಭ್ಯಾಸ ಈ ವಯಸ್ಸಿನಲ್ಲಿ ಬೇರೆ ಯಾವುದರಿಂದ ಬಂದೀತು?

ಮಕ್ಕಳ ಚಿತ್ರಕಲೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣತಜ್ಞ 1947ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸುಮಾರು ಎರಡರಿಂದ ನಾಲ್ಕು ವರ್ಷದವರೆಗೆ ಮಗು ಗೀಚುವ ಹಂತದಲ್ಲಿರುತ್ತದೆ ಎಂದು ಅವರು ಗುರುತಿಸಿದರು. ನಾಲ್ಕರ ಆಚೆಗೆ ತಲೆ, ಕೈಕಾಲು, ಸೂರ್ಯ, ಮನೆ ಎಂದು ಗುರುತು ಸಿಗುವ ಆಕಾರಗಳು ಬರತೊಡಗುತ್ತವೆ. ಏಳರ ಸುಮಾರಿಗೆ ಪ್ರತಿ ವಸ್ತುವಿಗೂ ತನ್ನದೇ ಒಂದು ಮಾದರಿ ಮಗುವಿಗೆ ಸಿಕ್ಕಿರುತ್ತದೆ. ಎಲ್ಲ ಮಕ್ಕಳೂ ಇದೇ ತಾರೀಖಿಗೆ ಮೆಟ್ಟಿಲು ಹತ್ತಬೇಕು ಎಂದೇನಿಲ್ಲ. ಆದರೆ ಗೀಚುವ ಮಗುವಿಗೂ ಆಕಾರದ ಹಸಿವು ಇರುತ್ತದೆ ಎಂಬುದು ಅಂಗನವಾಡಿಯಲ್ಲಿ ಅರ್ಧ ದಿನ ಕುಳಿತವರಿಗೆಲ್ಲ ಗೊತ್ತು. ಅಚ್ಚು ಆ ಹಸಿವಿಗೆ ಒದಗುತ್ತದೆ. ಆಕಾರವನ್ನು ವಸ್ತುವೇ ಕೊಡುತ್ತದೆ. ಅದನ್ನು ಎಲ್ಲಿ ಇಡಬೇಕು, ಎಷ್ಟು ಸಲ ಇಡಬೇಕು, ಯಾವುದರ ಪಕ್ಕ ಇಡಬೇಕು ಎಂಬ ಯೋಚನೆ ಮಾತ್ರ ಮಗುವಿನದು. ಚಿತ್ರಕಾರನ ಕೆಲಸದ ಅರ್ಧ ಭಾಗ ಅದೇ ತಾನೆ?

ಮನುಷ್ಯರು ಈ ಆಟ ಶುರುಮಾಡಿ ಬಹಳ ಕಾಲವಾಯಿತು. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಗುಹೆಯೊಂದರಲ್ಲಿ ಯಾರೋ ಬಂಡೆಗೆ ಅಂಗೈ ಆನಿಸಿ ಸುತ್ತ ಬಣ್ಣ ಊದಿದ್ದಾರೆ. ಆ ಕೈಯ ಗುರುತಿಗೆ ಕಡಿಮೆಯೆಂದರೂ ಸುಮಾರು 40,000 ವರ್ಷ. ಸಿಂಧೂ ಕಣಿವೆಯ ಪಟ್ಟಣಗಳಲ್ಲಿ 4,000 ವರ್ಷಗಳಿಗೂ ಹಿಂದೆ ಸಣ್ಣ ಸಣ್ಣ ಮುದ್ರೆಗಳಿದ್ದವು. ಹೆಚ್ಚಿನವು ಒಂದಂಗುಲದಷ್ಟೇ ಚೌಕ. ಸ್ಲೇಟಿನ ಮೇಲೆ ಬರೆಯುವ ಬಳಪದ ಜಾತಿಯ ಮೆದು ಕಲ್ಲಿನಲ್ಲಿ ಗೂಳಿಯನ್ನೂ ಲಿಪಿಯನ್ನೂ ತಿರುವುಮುರುವಾಗಿ ಕೊರೆದು, ಹಸಿ ಜೇಡಿಯ ಮೇಲೆ ಒತ್ತುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ದೀಪಾವಳಿಯ ಗೋಪೂಜೆಯ ದಿನ ಲೋಟದ ಬಾಯಿಯನ್ನು ಕೆಮ್ಮಣ್ಣಿಗೂ ಸುಣ್ಣಕ್ಕೂ ಅದ್ದಿ ದನದ ಮೈಮೇಲೆ ಬಳೆಬಳೆಯಾಗಿ ಒತ್ತುತ್ತಾರೆ. ಆ ಕೆಲಸಕ್ಕೆ ಮೊದಲು ಓಡಿಬರುವವರು ಮಕ್ಕಳೇ.

ಕೇಳುಗರೇ, ಇಷ್ಟು ಹೊತ್ತು ಹೇಳಿದ್ದು ಇದು. ಬರೆಯಲು ಬಾರದ ಮಗುವೂ ಅಚ್ಚು ಒತ್ತಬಲ್ಲದು. ಒತ್ತುತ್ತಾ ಅದು ನೋಡಲು ಕಲಿಯುತ್ತದೆ. ಈಗ ಸಾಮಾನಿನ ಮಾತು. ಇದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ, ಅಡುಗೆಮನೆಯೇ ಸಾಕು.

ಬೆಂಡೆಕಾಯಿಯಿಂದ ಶುರುಮಾಡಿ. ಸಾರಿಗೆ ಹೆಚ್ಚುವಾಗ ತೊಟ್ಟಿನ ಕಡೆಯ ತುಂಡನ್ನು ಎಸೆಯುತ್ತೇವಲ್ಲ, ಅದನ್ನು ಎತ್ತಿಡಿ. ಎರಡಂಗುಲ ಉದ್ದ ಇದ್ದರೆ ಒಳ್ಳೆಯದು. ತೊಟ್ಟೇ ಹಿಡಿಕೆ. ಪುಟ್ಟ ಬೆರಳುಗಳಿಗೆ ಹೇಳಿ ಮಾಡಿಸಿದ ಅಳತೆ. ಕೊಯ್ದ ಮುಖವನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಕಾಗದದ ಮೇಲೆ ಐದು ಎಸಳಿನ ಹೂವೊಂದು ಬರುತ್ತದೆ. ಪ್ರತಿ ಎಸಳಿನ ನಡುವೆ ಒಂದು ಖಾಲಿ ಗೂಡು. ಅಲ್ಲಿ ಬೀಜ ಇತ್ತು. ಹೀರೆಕಾಯಿ ಒತ್ತಿದರೆ ಏಣುಗಳೆಲ್ಲ ಮೂಡಿ ಹತ್ತು ಮೂಲೆಯ ನಕ್ಷತ್ರ. ಹಾಗಲಕಾಯಿಗೆ ಗುಂಗುರು ಅಂಚು. ಈರುಳ್ಳಿಯದು ಒಂದರೊಳಗೊಂದು ಬಳೆ. ಕೋಸಿನ ಗಡ್ಡೆಯನ್ನು ಉದ್ದಕ್ಕೆ ಸೀಳಿದರೆ ಕಾಂಡವೂ ಕೊಂಬೆಗಳೂ ಇರುವ ಒಂದಿಡೀ ಮರ. ಎಲ್ಲಕ್ಕಿಂತ ಸೊಗಸು ಬಾಳೆಯೆಲೆಯ ದಂಟು. ಊಟದ ಎಲೆ ಕೊಯ್ದಾದ ಮೇಲೆ ಉಳಿಯುವ ಆ ದಪ್ಪ ದಂಟನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಬಿದಿಗೆ ಚಂದ್ರನಂಥ ಬಾಗು, ಅದರ ಒಳಗೆ ಸಾಲುಸಾಲು ಗೂಡು. ಅಚ್ಚು ಒತ್ತಿದಾಗ ಅದು ಕಸೂತಿ ಹಾಕಿದ ಅಂಚಿನ ಹಾಗೆ ಕಾಣುತ್ತದೆ.

ಇಟಲಿಯ ಮಿಲಾನಿನಲ್ಲಿ ಬ್ರೂನೊ ಮುನಾರಿ ಎಂಬ ಹೆಸರಾಂತ ವಿನ್ಯಾಸಕಾರರಿದ್ದರು. ಮಕ್ಕಳಿಗಾಗಿ ಎಷ್ಟೋ ಪುಸ್ತಕ ಮಾಡಿದವರು. ಸೊಪ್ಪಿನ ಕಟ್ಟಿನ ಬುಡವನ್ನು ಅಡ್ಡ ಕೊಯ್ದು ಮುದ್ರೆಯಂತೆ ಒತ್ತಿದರೆ ಗುಲಾಬಿ ಹೂವು ಮೂಡುವುದನ್ನು ಅವರು ಕಂಡರು. ಅಷ್ಟನ್ನೇ ಹಿಡಿದು 1974ರಲ್ಲಿ ಒಂದು ಪುಸ್ತಕ ತಂದರು. ಸಾಲಡ್‌ನಲ್ಲಿ ಗುಲಾಬಿಗಳು ಎಂಬುದು ಅದರ ಹೆಸರಿನ ಅರ್ಥ. ಸೊಪ್ಪು, ಈರುಳ್ಳಿ, ದೊಣ್ಣೆಮೆಣಸು ಇಂಥವುಗಳನ್ನು ಕೊಯ್ದು ಒತ್ತಿದ ಗುರುತುಗಳೇ ಅದರ ಪುಟಗಳಲ್ಲಿವೆ. ಮೂರು ವರ್ಷದ ನಂತರ ಅದೇ ಊರಿನ ಬ್ರೇರಾ ಚಿತ್ರಶಾಲೆಯಲ್ಲಿ ಅವರು ಮಕ್ಕಳ ಕಾರ್ಯಾಗಾರವನ್ನೂ ತೆರೆದರು. ಅಷ್ಟು ದೊಡ್ಡ ಕಲಾವಿದರು ಅಡುಗೆಮನೆಯ ಸೊಪ್ಪಿನ ಬುಡದ ಮುಂದೆ ಕುಳಿತರು ಎಂಬುದು ನಮ್ಮ ಶಿಕ್ಷಕಿಯರಿಗೆ ಧೈರ್ಯ ಕೊಡಬೇಕಾದ ಸಂಗತಿ.

ತಿನ್ನುವ ವಸ್ತುವನ್ನು ಆಟಕ್ಕೆ ಹಾಳುಮಾಡಬಾರದು ಎಂಬ ಮಾತು ಕೆಲವು ಮನೆಗಳಲ್ಲಿ ಬರುತ್ತದೆ. ಅದು ಗೌರವಿಸಬೇಕಾದ ಮಾತು. ಅದಕ್ಕೇ ತೊಟ್ಟು, ದಂಟು, ಬುಡ, ಬಾಡಿದ ತುಂಡು ಎಂದು ಹೇಳಿದ್ದು. ಒಳ್ಳೆಯ ತರಕಾರಿ ಸಾರಿಗೇ ಹೋಗಲಿ. ಇನ್ನೊಂದು ಮಾತನ್ನು ತಪ್ಪದೆ ನೆನಪಿಡಿ. ಹಸಿಮೆಣಸಿನಕಾಯಿಯನ್ನು ಮಾತ್ರ ಕೊಡಬೇಡಿ. ಮಗು ಆ ಕೈಯಲ್ಲೇ ಕಣ್ಣುಜ್ಜಿಕೊಳ್ಳುತ್ತದೆ.

ಈಗ ಒತ್ತುವ ಬಗೆ. ಹೆಚ್ಚಿನ ಮನೆಗಳಲ್ಲಿ, ಶಾಲೆಗಳಲ್ಲಿ ಈ ಆಟ ಕೆಡುವುದು ಬಣ್ಣ ನೀರಾಗಿ. ಬಟ್ಟಲಲ್ಲಿ ತೆಳ್ಳಗೆ ಕದಡಿದ ಬಣ್ಣಕ್ಕೆ ತರಕಾರಿ ಮುಳುಗಿಸಿದರೆ ಕಾಗದದ ಮೇಲೆ ಬೀಳುವುದು ಕೆಸರಿನ ಮುದ್ದೆ. ಹೂವೂ ಇಲ್ಲ, ನಕ್ಷತ್ರವೂ ಇಲ್ಲ. ನೋಡಲು ಏನೂ ಇಲ್ಲವೆಂದಾಗ ಮಗುವಿನ ಆಸಕ್ತಿಯೂ ಹೋಗುತ್ತದೆ. ಹಾಗಾಗಿ ಒಂದು ತಟ್ಟೆ ತೆಗೆದುಕೊಳ್ಳಿ. ಹಳೆಯ ಹತ್ತಿ ಬಟ್ಟೆಯನ್ನು ಮೂರು ನಾಲ್ಕು ಮಡಿಕೆ ಮಾಡಿ ಒದ್ದೆಮಾಡಿ, ಚೆನ್ನಾಗಿ ಹಿಂಡಿ ಅದರಲ್ಲಿ ಹಾಸಿ. ಮೇಲೆ ಎರಡು ಚಮಚ ಗಟ್ಟಿ ಬಣ್ಣ ಸವರಿ. ಪೋಸ್ಟರ್ ಬಣ್ಣಕ್ಕೆ ಸ್ವಲ್ಪ ಮೈದಾ ಅಂಟು ಬೆರೆಸಿದರೆ ಬೇಕಾದ ಹದ ಬರುತ್ತದೆ. ಕೊಯ್ದ ತರಕಾರಿಯ ನೀರನ್ನು ಬಟ್ಟೆಯಿಂದ ಒರೆಸಿ. ಆಲೂಗಡ್ಡೆಗಂತೂ ಇದು ಬೇಕೇ ಬೇಕು. ಕಾಗದದ ಕೆಳಗೆ ಹಳೆಯ ದಿನಪತ್ರಿಕೆಯ ಮೆತ್ತೆ ಹಾಕಿ. ಮೆತ್ತೆ ಇದ್ದರೆ ಉಬ್ಬುತಗ್ಗೆಲ್ಲ ಕಾಗದಕ್ಕೆ ಕೂಡುತ್ತದೆ.

ಮಕ್ಕಳು ನೆಲದ ಮೇಲೆ ಮಂಡಿಯೂರಿ ಕೂರಲಿ. ಆಗ ಮೈಭಾರ ಕೈಗೆ ಇಳಿಯುತ್ತದೆ. ಒಂದು ಕೈ ಕಾಗದ ಹಿಡಿಯುತ್ತದೆ, ಇನ್ನೊಂದು ಒತ್ತುತ್ತದೆ. ಎರಡು ಕೈ ಎರಡು ಕೆಲಸ ಹಂಚಿಕೊಳ್ಳುವ ಈ ಅಭ್ಯಾಸ ಮುಂದೆ ಬರೆಯುವಾಗ, ಕತ್ತರಿ ಹಿಡಿಯುವಾಗ ಬೇಕಾಗುತ್ತದೆ. ಒತ್ತಿದ ಮೇಲೆ ಜಾರಿಸಬಾರದು, ನೇರ ಎತ್ತಬೇಕು. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಜಾರಿಸಿದರೆ ಹೂವು ಕಲಸಿಹೋಗುತ್ತದೆ, ಎತ್ತಿದರೆ ಉಳಿಯುತ್ತದೆ. ಕಾಗದವೇ ಪಾಠ ಹೇಳುತ್ತದೆ.

ಒಂದು ಸಲ ಅದ್ದಿ ಮೂರು ಸಲ ಒತ್ತಲು ಬಿಡಿ. ಮೊದಲನೆಯದು ಗಾಢ. ಎರಡನೆಯದರಲ್ಲಿ ಗೆರೆಗಳು ಸ್ಪಷ್ಟ. ಮೂರನೆಯದು ಮಸುಕು. ಮಗುವಿಗೆ ಇದು ದೊಡ್ಡ ಶೋಧ. ಬಣ್ಣ ತೀರುತ್ತದೆ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಮಸುಕಾದದ್ದು ದೂರದಲ್ಲಿರುವಂತೆ ಕಾಣುತ್ತದೆ ಎಂಬುದೂ ಕೆಲವು ಮಕ್ಕಳಿಗೆ ಹೊಳೆಯುತ್ತದೆ. ಛಾಯೆಯ ಪಾಠ ಇಲ್ಲಿಂದ ಶುರು.

ಕೇಳುಗರೇ, ತರಕಾರಿ, ಗಟ್ಟಿ ಬಣ್ಣ, ಮೆತ್ತೆ, ನೇರ ಎತ್ತುವ ಕೈ. ಇಷ್ಟಾಯಿತು. ಈಗ ಒಂದೇ ಅಚ್ಚನ್ನು ಮತ್ತೆ ಮತ್ತೆ ಒತ್ತುವುದರ ಬಗ್ಗೆ ಸ್ವಲ್ಪ ಹೇಳಬೇಕು. ಈ ಆಟದ ನಿಜವಾದ ಬಲ ಅಲ್ಲಿದೆ.

ರಾಜಸ್ಥಾನದ ಜೈಪುರದ ಬಳಿ ಬಗರು, ಸಾಂಗಾನೇರ್ ಎಂಬ ಊರುಗಳಿವೆ. ಗುಜರಾತಿನ ಕಚ್ಛ್‌ನಲ್ಲಿ ಅಜ್ರಖ್‌ಪುರ ಇದೆ. ಅಲ್ಲಿ ಕೆತ್ತಿದ ಮರದ ಅಚ್ಚುಗಳಿಂದ ಬಟ್ಟೆಗೆ ಬಣ್ಣ ಒತ್ತುವವರಿದ್ದಾರೆ. ಅಚ್ಚನ್ನು ಬಟ್ಟೆಯ ಮೇಲಿಟ್ಟು ಬೆನ್ನಿಗೆ ಕೈಯಿಂದ ಒಂದು ಗುದ್ದು. ಎತ್ತಿ ಪಕ್ಕಕ್ಕಿಟ್ಟು ಮತ್ತೊಂದು. ಒಂದು ಗುರುತು ಮುಗಿದಲ್ಲಿಗೆ ಇನ್ನೊಂದು ಸರಿಯಾಗಿ ಕೂಡುವಂತೆ ಅಚ್ಚಿನ ಮೂಲೆಯಲ್ಲಿ ಸಣ್ಣ ಗುರುತುಚುಕ್ಕಿ ಇಟ್ಟಿರುತ್ತಾರೆ. ಇಡೀ ಸೀರೆಯ ಅಂದ ನಿಂತಿರುವುದು ಆ ಕೂಡಿಕೆಯ ಮೇಲೆ. ನಾಲ್ಕು ವರ್ಷದ ಮಗು ಬೆಂಡೆಕಾಯಿ ಹಿಡಿದು ಹಾಳೆಯ ಅಂಚಿಗೆ ಸಾಲಾಗಿ ಒತ್ತುವಾಗ ಮಾಡುತ್ತಿರುವುದೂ ಇದೇ ಕೆಲಸ. ಹೂವು, ಹೂವು, ನಕ್ಷತ್ರ. ಹೂವು, ಹೂವು, ನಕ್ಷತ್ರ. ಮುಂದೆ ಏನು ಬರಬೇಕು ಎಂದು ಅದು ತಾನೇ ನಿಯಮ ಮಾಡಿಕೊಂಡಿದೆ. ಗಣಿತ ಕಲಿಸುವವರು ಮಾದರಿ ಎಂದು ಕರೆಯುವುದನ್ನು ಅದು ಬಣ್ಣದಲ್ಲಿ ಕಂಡುಕೊಂಡಿದೆ. ಮನೆಯಲ್ಲಿ ಇಳಕಲ್ ಸೀರೆಯೋ ಜಮಖಾನವೋ ಇದ್ದರೆ ಅಂಚನ್ನು ತೋರಿಸಿ. ಅಲ್ಲಿ ಏನು ಎಷ್ಟು ಸಲ ಬಂದಿದೆ ಎಂದು ಮಗುವನ್ನೇ ಕೇಳಿ. ಇಳಕಲ್ ಅಂಚನ್ನು ನೇಯುತ್ತಾರೆ, ಒತ್ತುವುದಿಲ್ಲ. ಆದರೂ ಮರುಕಳಿಸುವ ಲಯ ಎರಡಕ್ಕೂ ಒಂದೇ.

ಎಲೆಗಳನ್ನೂ ಬಿಡಬೇಡಿ. ಎಲೆಯ ಬೆನ್ನಿಗೆ ಬಣ್ಣ ಹಚ್ಚಬೇಕು, ಏಕೆಂದರೆ ನರಗಳು ಉಬ್ಬಿರುವುದು ಅಲ್ಲೇ. ಅರಳಿ ಎಲೆ, ಹಲಸಿನ ಎಲೆ, ದಾಸವಾಳದ ಎಲೆ. ಪ್ರತಿಯೊಂದರ ನರದ ಜಾಲವೂ ಬೇರೆ. ಬರೇ ಹಸಿರು ಎಂದು ಕಂಡಿದ್ದ ಎಲೆಯಲ್ಲಿ ಇಷ್ಟು ದಾರಿಗಳಿವೆಯೇ ಎಂದು ದೊಡ್ಡವರೂ ಬೆರಗಾಗುತ್ತಾರೆ. ಬಣ್ಣವೇ ಬೇಡವೆಂದರೆ ಎಲೆಯ ಮೇಲೆ ಕಾಗದವಿಟ್ಟು ಮೇಣದ ಬಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಉಜ್ಜಿದರಾಯಿತು.

ಐದಾರು ವರ್ಷವಾದ ಮೇಲೆ ಮಗು ತನ್ನ ಅಚ್ಚನ್ನು ತಾನೇ ಮಾಡಲಿ. ಹರಿದ ಹವಾಯಿ ಚಪ್ಪಲಿಯ ಅಡಿಯನ್ನು ದೊಡ್ಡವರು ಕತ್ತರಿಸಿ ಕೊಟ್ಟರೆ ಒಳ್ಳೆಯ ಮುದ್ರೆ. ಕಾರ್ಡ್‌ಬೋರ್ಡಿನ ತುಂಡಿಗೆ ಅಂಟು ಸವರಿ ದಾರವನ್ನು ಬೇಕಾದ ಹಾಗೆ ಸುತ್ತಿ ಒಣಗಿಸಿದರೆ ಇನ್ನೊಂದು. ಇದೂ ಬೇಡ, ಏನೂ ಅಂಟಿಸುವುದು ಬೇಡ ಎನ್ನುವವರು ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ ಬೆನ್ನಿಗೆ ತೆಳುವಾಗಿ ಬಣ್ಣ ಬಳಿಯಲಿ. ಮಗು ಬೆರಳಲ್ಲಿ ಅದರ ಮೇಲೆ ಬೇಕಾದ್ದು ಗೀಚಲಿ. ಮೇಲೆ ಕಾಗದ ಹಾಸಿ ಅಂಗೈಯಿಂದ ಸವರಿ ಎತ್ತಿದರೆ ಗೀಚಿದ್ದೆಲ್ಲ ಬಿಳಿ ಗೆರೆಯಾಗಿ ಬಂದಿರುತ್ತದೆ. ಇಂಥ ಅಚ್ಚು ಒಂದೇ ಪ್ರತಿ ಬರುವುದು. ಗೀಚುವ ಹಂತದ ಮಗುವಿಗೂ ಇದು ಸಲ್ಲುತ್ತದೆ.

ಇಲ್ಲಿ ಮಗುವಿಗೆ ಒಂದು ಹೊಸ ಸಮಸ್ಯೆ ಎದುರಾಗುತ್ತದೆ. ತಟ್ಟೆಯ ಮೇಲೆ ತನ್ನ ಹೆಸರು ಬರೆದರೆ ಕಾಗದದಲ್ಲಿ ಅದು ಎಡಬಲ ಅದಲುಬದಲಾಗಿ ಬರುತ್ತದೆ. ಸೊನ್ನೆ ಒತ್ತಿದರೆ ಸೊನ್ನೆಯೇ. ಆದರೆ ‘ನ’ ಅಕ್ಷರ ಒತ್ತಿದರೆ ಅದು ಹಿಂದಕ್ಕೆ ತಿರುಗಿ ನಿಲ್ಲುತ್ತದೆ. ಆರು ವರ್ಷದವರು ಇದನ್ನು ಕಂಡು ನಗುತ್ತಾರೆ, ಆಮೇಲೆ ಹಟ ಹಿಡಿಯುತ್ತಾರೆ. ಹೇಗೆ ಬರೆದರೆ ಸರಿಯಾಗಿ ಬಂದೀತು? ಕನ್ನಡಿ ಹಿಡಿದು ನೋಡಲಿ, ತಾವೇ ಪತ್ತೆಮಾಡಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಬಂದದ್ದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಆಮೇಲೆ ಅಚ್ಚುಮೊಳೆಗಳ ಕಾಲ ಬಂತು. ಮೊಳೆ ಜೋಡಿಸುವವರು ದಿನವಿಡೀ ತಿರುವುಮುರುವಾದ ಅಕ್ಷರಗಳನ್ನೇ ಸರಾಗ ಓದುತ್ತಿದ್ದರು. ಹಳೆಯ ಮುದ್ರಣಾಲಯವೊಂದು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಒಂದು ಸೀಸದ ಮೊಳೆಯನ್ನು ದೂರದಿಂದ ತೋರಿಸಿದರೂ ಸಾಕು. ಸೀಸವನ್ನು ಮಾತ್ರ ಮಕ್ಕಳ ಕೈಗೆ ಕೊಡುವುದು ಬೇಡ.

ಇದುವರೆಗೆ ಸಾಮಾನು ಮತ್ತು ಬಗೆಯ ಮಾತಾಯಿತು. ತರಕಾರಿ, ಎಲೆ, ದಾರ, ತಟ್ಟೆ. ಈಗ ಮನುಷ್ಯರ ಮಾತು. ಅಚ್ಚನ್ನು ಮಕ್ಕಳ ಕೈಗೆ ನಂಬಿ ಕೊಟ್ಟ ಶಿಕ್ಷಕರು ಕೆಲವರಿದ್ದರು. ಅವರ ಕಥೆ ನಮಗೆ ಬೇಕು.

ಮೊದಲನೆಯವರು ಆಸ್ಟ್ರಿಯದ ಫ್ರಾನ್ಸ್ ಚೀಜೆಕ್. ವಿಯೆನ್ನಾದಲ್ಲಿ ಚಿತ್ರಕಲೆ ಓದಲು ಬಂದ ಈ ತರುಣ ಒಬ್ಬ ಬಡಗಿಯ ಮನೆಯಲ್ಲಿ ಬಾಡಿಗೆಗಿದ್ದರು. ಆ ಮನೆಯ ಮಕ್ಕಳು ಇವರ ಬಣ್ಣ, ಕುಂಚಗಳನ್ನು ತೆಗೆದುಕೊಂಡು ತಮಗೆ ತೋಚಿದಂತೆ ಬರೆಯುತ್ತಿದ್ದರು. ಶಾಲೆಯಲ್ಲಿ ಕಲಿಸುವುದಕ್ಕಿಂತ ಆ ಚಿತ್ರಗಳೇ ಅವರಿಗೆ ಜೀವಂತವಾಗಿ ಕಂಡವು. 1897ರಲ್ಲಿ ಅವರು ಮಕ್ಕಳಿಗೆಂದೇ ಒಂದು ಕಲಾ ತರಗತಿ ತೆರೆದರು. ಅಲ್ಲಿ ನೋಡಿ ನಕಲು ಮಾಡುವ ಪಾಠ ಇರಲಿಲ್ಲ. ಆ ಕಾಲದಲ್ಲಿ ಲಿನೋಲಿಯಂ ಎಂಬುದು ನೆಲಕ್ಕೆ ಹಾಸುವ ಹಾಳೆ. ಅಗಸೆ ಎಣ್ಣೆ, ಬೆಂಡಿನ ಪುಡಿ ಸೇರಿಸಿ 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು. ಮರಕ್ಕಿಂತ ಮೆದು, ಅಗ್ಗ. ಚೀಜೆಕ್ ಅದನ್ನು ಮಕ್ಕಳ ಮುಂದಿಟ್ಟರು. ಸ್ವಲ್ಪ ದೊಡ್ಡ ಮಕ್ಕಳು ಅದರಲ್ಲಿ ಕೊರೆದು ಹಬ್ಬ, ಬೀದಿ, ಹಿಮ ಬೀಳುವ ದಿನ, ತಮ್ಮ ಮನೆಮಂದಿ ಎಲ್ಲವನ್ನೂ ಅಚ್ಚು ಹಾಕಿದರು. 1920ರ ದಶಕದಲ್ಲಿ ಆ ಮಕ್ಕಳ ಕೆಲಸ ಇಂಗ್ಲೆಂಡಿನ ಊರೂರಿನಲ್ಲಿ ಪ್ರದರ್ಶನವಾಯಿತು. ಮಕ್ಕಳ ಚಿತ್ರವನ್ನು ಚಿತ್ರವೆಂದೇ ನೋಡಬೇಕು ಎಂಬ ಮಾತನ್ನು ಜನ ಅಲ್ಲಿ ಕಣ್ಣಾರೆ ಕಂಡರು.

ಎರಡನೆಯವರು ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿತ್ತು. ತರಗತಿಯಲ್ಲಿ ಬಹಳ ಹೊತ್ತು ಮಾತಾಡಲು ಆಗುತ್ತಿರಲಿಲ್ಲ. ಮಾತಾಡಲಾಗದ ಮೇಷ್ಟ್ರು ಮಕ್ಕಳು ಮಾಡಿ ಕಲಿಯುವ ದಾರಿ ಹುಡುಕಿದರು. 1924ರಲ್ಲಿ ಒಂದು ಪುಟ್ಟ ಕೈ ಮುದ್ರಣಯಂತ್ರ ತಂದು ತರಗತಿಯ ನಡುವೆ ಇಟ್ಟರು. ಮಕ್ಕಳು ಊರಲ್ಲಿ ಕಂಡದ್ದನ್ನು ತಾವೇ ಹೇಳಿ, ತಾವೇ ಮೊಳೆ ಜೋಡಿಸಿ, ತಾವೇ ಚಿತ್ರ ಕೊರೆದು ಅಚ್ಚು ಹಾಕಿದರು. ಆ ಹಾಳೆಗಳನ್ನು ದೂರದ ಬ್ರಿಟನಿ ಸೀಮೆಯ ಇನ್ನೊಂದು ಶಾಲೆಗೆ ಕಳಿಸಿದರು. ಅಲ್ಲಿಂದಲೂ ಹಾಳೆಗಳು ಬಂದವು. ಬೆಟ್ಟದ ಮಕ್ಕಳಿಗೆ ಕಡಲಿನ ಸುದ್ದಿ, ಕಡಲಿನ ಮಕ್ಕಳಿಗೆ ಬೆಟ್ಟದ ಸುದ್ದಿ. ಅಚ್ಚಿನ ಗುಣವೇ ಅದು. ಬಿಡಿಸಿದ ಚಿತ್ರ ಒಂದೇ ಇರುತ್ತದೆ, ಅದನ್ನು ಕೊಟ್ಟರೆ ಮಗುವಿನ ಕೈ ಬರಿದು. ಅಚ್ಚಿನಲ್ಲಿ ತನಗೊಂದು, ಅಜ್ಜಿಗೊಂದು, ಗೆಳೆಯನಿಗೊಂದು.

ನಮ್ಮ ದೇಶದಲ್ಲೂ ಒಂದು ದೊಡ್ಡ ಉದಾಹರಣೆ ಇದೆ. ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗಾಗಿ ಸಹಜ್ ಪಾಠ್ ಎಂಬ ಓದುಪುಸ್ತಕ ಬರೆದರು. 1930ರಲ್ಲಿ ಬಂದ ಆ ಪುಸ್ತಕಕ್ಕೆ ಶಾಂತಿನಿಕೇತನದ ನಂದಲಾಲ್ ಬೋಸರು ಲಿನೋ ಅಚ್ಚಿನ ಚಿತ್ರಗಳನ್ನು ಮಾಡಿಕೊಟ್ಟರು. ಕಪ್ಪು, ಬಿಳುಪು ಎರಡೇ. ದಾಂಡಿ ಯಾತ್ರೆಯ ಗಾಂಧೀಜಿ ಕೋಲು ಹಿಡಿದು ಹೆಜ್ಜೆ ಹಾಕುವ ಅವರ ಪ್ರಸಿದ್ಧ ಲಿನೋ ಚಿತ್ರವೂ ಅದೇ ವರ್ಷದ್ದು. ಗಾಂಧೀಜಿಗೆ ಕೊಟ್ಟಷ್ಟೇ ಶ್ರದ್ಧೆಯನ್ನು ಅಂಥ ಕಲಾವಿದರು ಅಕ್ಷರ ಕಲಿಯುವ ಮಗುವಿಗೂ ಕೊಟ್ಟರು. ನಮ್ಮ ನಲಿಕಲಿ ತರಗತಿಗಳ ಗೋಡೆಗೆ ಬರುವ ಚಿತ್ರಗಳನ್ನು ಆರಿಸುವವರು ಆ ಪುಸ್ತಕವನ್ನು ಒಮ್ಮೆ ತಿರುವಿ ಹಾಕಬೇಕು.

ಇನ್ನು ಜಪಾನ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿಯ ಶಿಕ್ಷಕರು 1951ರಲ್ಲಿ ಶಾಲಾ ಅಚ್ಚುಕಲೆಗಾಗಿಯೇ ಒಂದು ಸಂಘ ಕಟ್ಟಿದರು. ಓಟಾ ಕೋಷಿ ಎಂಬುವರು ಅದರ ಮುಂದಾಳು. ಇಂದಿಗೂ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಸಣ್ಣ ಮಕ್ಕಳು ಕಾಗದ ಕತ್ತರಿಸಿ ಅಂಟಿಸಿ ಅಚ್ಚು ಮಾಡುತ್ತಾರೆ, ದೊಡ್ಡ ತರಗತಿಯವರು ಮರ ಕೊರೆಯುತ್ತಾರೆ. ಅದೇ ಚಳವಳಿಯ ಒಂದು ಫಲ ಹಚಿನೊಹೆ ಎಂಬ ಬಂದರು ಪಟ್ಟಣದಲ್ಲಿ ಕಾಣಿಸಿತು. ಅಲ್ಲಿನ ಮಿನಾತೊ ಶಾಲೆಯಲ್ಲಿ ವಿಶೇಷ ಕಲಿಕೆಯ ಅಗತ್ಯವಿದ್ದ ಮಕ್ಕಳ ಒಂದು ತರಗತಿ ಇತ್ತು. ಅವರ ಶಿಕ್ಷಕರು ಸಕಾಮೊಟೊ. 1970ರ ದಶಕದಲ್ಲಿ ಆ ಮಕ್ಕಳು ಒಟ್ಟು ಸೇರಿ ದೊಡ್ಡ ದೊಡ್ಡ ಮರದಚ್ಚುಗಳನ್ನು ಕೊರೆದರು. ಒಂದರಲ್ಲಿ ನಕ್ಷತ್ರ ತುಂಬಿದ ಆಕಾಶ, ಅದರಲ್ಲಿ ರೆಕ್ಕೆಯ ಕುದುರೆಯೂ ಹಸುವೂ ಹಾರಿಹೋಗುತ್ತವೆ. 1989ರಲ್ಲಿ ಹಯಾವೊ ಮಿಯಾಜಾಕಿ ಅವರ ಕಿಕೀಸ್ ಡೆಲಿವರಿ ಸರ್ವೀಸ್ ಎಂಬ ಅನಿಮೇಶನ್ ಚಿತ್ರ ತೆರೆಗೆ ಬಂತು. ಅದರಲ್ಲಿ ಕಾಡಿನ ಮನೆಯ ಚಿತ್ರಕಾರ್ತಿ ಬರೆಯುವ ದೊಡ್ಡ ಚಿತ್ರವೊಂದಿದೆ. ಈ ಮಕ್ಕಳ ಅಚ್ಚೇ ಅದಕ್ಕೆ ಮೂಲ. ಕಲಿಕೆಯಲ್ಲಿ ಹಿಂದೆ ಎಂದು ಬದಿಗೆ ಸರಿಸಿದ ಮಕ್ಕಳ ಕೈಕೆಲಸವನ್ನು ಜಗತ್ತಿನ ಕೋಟ್ಯಂತರ ಜನ ನೋಡಿದ್ದಾರೆ.

ಕೇಳುಗರೇ, ಈ ನಾಲ್ಕೂ ಕಡೆ ನಡೆದದ್ದು ಒಂದೇ. ಸಾಮಾನು ಮಕ್ಕಳ ಕೈಯಲ್ಲಿತ್ತು ಅಥವಾ ಚಿತ್ರ ಮಕ್ಕಳ ಕಣ್ಣಿಗಾಗಿ ಇತ್ತು. ದೊಡ್ಡವರು ಅಡ್ಡ ನಿಲ್ಲಲಿಲ್ಲ. ನಮ್ಮಲ್ಲಿ ಎಲ್ಲಿ ಎಡವುತ್ತಿದೆ ಎಂದು ಈಗ ನೋಡಬೇಕು.

ಶಾಲಾ ವಾರ್ಷಿಕೋತ್ಸವ ಹತ್ತಿರ ಬರುತ್ತದೆ. ಗೋಡೆಗೆ ಮಕ್ಕಳ ಕೆಲಸ ಬೇಕು. ಶಿಕ್ಷಕಿ ಮಗುವಿನ ಅಂಗೈಗೆ ಬಣ್ಣ ಬಳಿದು, ಆ ಕೈಯನ್ನು ತಾವೇ ಹಿಡಿದು, ತಾವೇ ಗುರುತು ಹಾಕಿದ ಜಾಗಕ್ಕೆ ಒತ್ತಿಸುತ್ತಾರೆ. ಆಮೇಲೆ ಅದಕ್ಕೆ ಕಣ್ಣು, ಕೊಕ್ಕು ಬರೆದು ನವಿಲು ಮಾಡುತ್ತಾರೆ. ಮೂವತ್ತು ಮಕ್ಕಳು, ಮೂವತ್ತು ನವಿಲು, ಎಲ್ಲ ಒಂದೇ ತರಹ. ಪೋಷಕರಿಗೆ ಸಂತೋಷವಾಗುತ್ತದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮಗು ಅಲ್ಲಿ ಏನನ್ನೂ ಆರಿಸಲಿಲ್ಲ, ಏನನ್ನೂ ಊಹಿಸಲಿಲ್ಲ. ಅದರ ಕೈ ಬರೇ ಮುದ್ರೆಯಾಯಿತು. ಇದು ನೋವಿನ ಸಂಗತಿ. ಶಿಕ್ಷಕಿಯರ ತಪ್ಪೆಂದು ಹೇಳುವುದೂ ಸರಿಯಲ್ಲ. ಅಂದವಾದ ಗೋಡೆ ಕೇಳುವವರು ನಾವೇ.

ಬದಲಿಗೆ ನಾಲ್ಕೈದು ಮಕ್ಕಳಷ್ಟೇ ಒಂದು ಸಲಕ್ಕೆ ಕೂರಲಿ. ಮೂರು ಬಗೆಯ ಅಚ್ಚು, ಎರಡು ಬಣ್ಣ ಸಾಕು. ಹೆಚ್ಚು ಬಣ್ಣ ಕೊಟ್ಟರೆ ಎಲ್ಲ ಸೇರಿ ಕಂದಾಗುತ್ತದೆ. ಹಳದಿ, ನೀಲಿ ಕೊಟ್ಟರೆ ಹಸಿರು ತಾನಾಗಿ ಹುಟ್ಟುತ್ತದೆ. ಮಗು ಅಚ್ಚಿನ ಮೇಲೆ ಅಚ್ಚು ಒತ್ತಿ ಇಡೀ ಹಾಳೆ ಮುಚ್ಚಿಬಿಟ್ಟರೆ ಮುಚ್ಚಲಿ. ಅದಕ್ಕೆ ಆ ದಿನ ಬೇಕಾದದ್ದು ಒತ್ತುವ ಸುಖ. ‘ಇದೇನಿದು?’ ಎಂದು ಕೇಳಬೇಡಿ. ‘ಇದನ್ನು ಯಾವುದರಿಂದ ಒತ್ತಿದೆ? ಈ ಕಡೆ ಯಾಕೆ ತೆಳುವಾಯಿತು? ಮುಂದಿನದು ಎಲ್ಲಿಗೆ?’ ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಮಗು ಉತ್ತರ ಕಟ್ಟಬೇಕಾಗುತ್ತದೆ. ಉಳಿದವಕ್ಕೆ ಉತ್ತರ ಹಾಳೆಯಲ್ಲೇ ಇದೆ, ನೋಡಿ ಹೇಳಬಹುದು.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಹೋಳಿಯ ಪುಡಿ, ಗೋಡೆಯ ಪೇಂಟು ಮಕ್ಕಳಿಗೆ ಬೇಡ. ಈ ವಯಸ್ಸಿನವರ ಕೈ ಬಾಯಿಗೆ ಹೋಗುತ್ತದೆ. ಅರಿಶಿನ, ಬೀಟ್‌ರೂಟಿನ ರಸ, ಜರಡಿ ಹಿಡಿದ ಕೆಮ್ಮಣ್ಣು ಇವಕ್ಕೆ ಗಂಜಿಯೋ ಮೈದಾ ಅಂಟೋ ಸೇರಿಸಿದರೆ ನಿಭಾಯಿಸಬಹುದು. ಬೀಟ್‌ರೂಟಿನ ಬಣ್ಣ ಕೆಲವೇ ದಿನಗಳಲ್ಲಿ ಮಾಸುತ್ತದೆ, ಅರಿಶಿನ ಬಿಸಿಲಿಗೆ ಬಿಳುಚಿಕೊಳ್ಳುತ್ತದೆ, ಕೆಮ್ಮಣ್ಣು ಬಹುಕಾಲ ಉಳಿಯುತ್ತದೆ. ಚಾಕು ದೊಡ್ಡವರ ಕೈಯಲ್ಲೇ ಇರಲಿ. ಲಿನೋ ಕೊರೆಯುವ ಉಳಿಯನ್ನು ಒಂಬತ್ತು ಹತ್ತು ವರ್ಷದ ಮೊದಲು ಕೊಡುವ ಅವಸರ ಬೇಡ. ಕೊಟ್ಟಾಗಲೂ ಲಿನೋ ಹಿಡಿಯುವ ಕೈ ಉಳಿಯ ಹಿಂದಿರಬೇಕು, ಮುಂದೆ ಬರಬಾರದು ಎಂದು ಮೊದಲ ದಿನವೇ ಕಲಿಸಬೇಕು.

ಕೊನೆಯದಾಗಿ ಹಾಳೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆ. ಎಸೆಯಬೇಡಿ. ಪ್ರತಿ ಹಾಳೆಯ ಹಿಂದೆ ಮಗುವಿನ ಹೆಸರು, ತಾರೀಖು, ಆ ಹೊತ್ತಿಗೆ ಮಗು ಆಡಿದ ಒಂದು ಮಾತು ಬರೆದಿಡಿ. ಜೂನ್ ತಿಂಗಳ ಹಾಳೆಯಲ್ಲಿ ಅಚ್ಚುಗಳೆಲ್ಲ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ದೀಪಾವಳಿಯ ಹೊತ್ತಿಗೆ ಸಾಲು ಕಾಣಿಸಬಹುದು. ಮಾರ್ಚ್ ಹೊತ್ತಿಗೆ ಕೆಲವು ಮಕ್ಕಳು ಹೆಬ್ಬೆರಳ ಅಚ್ಚಿಗೆ ಪೆನ್ಸಿಲಿನಿಂದ ಕಾಲು ಬರೆದು ಇರುವೆ ಮಾಡಿರುತ್ತಾರೆ, ಬೆಂಡೆಕಾಯಿಯ ಹೂವಿಗೆ ತೊಟ್ಟು, ಎಲೆ ಸೇರಿಸಿರುತ್ತಾರೆ. ಅಚ್ಚಿನಿಂದ ಗೆರೆಗೆ ದಾಟಿದ ಗುರುತು ಅದು. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಈ ಮೂರು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಗೋಡೆಗೆ ಅಂಟಿಸುವಾಗ ಅತಿಥಿಗಳ ಕಣ್ಣಿನ ಎತ್ತರಕ್ಕೆ ಅಂಟಿಸಬೇಡಿ. ನೆಲದಿಂದ ಸುಮಾರು ಮೂರು ಅಡಿ ಎತ್ತರದಲ್ಲಿ, ಒತ್ತಿದ ಮಗುವಿಗೇ ಕಾಣುವ ಹಾಗೆ ಅ‌ಂಟಿಸಿ.